ಬೇಡ ಎಂದು ಒತ್ತಿದ್ದು

ಸಿಂಧನೂರು, ೧೯೯೮

ಗ್ಯಾನಿ,

ಸಂಜೆ ಆರೂವರೆ. ಮಗುವಿಗೆ ಹಾಲೂಡಿಸುತ್ತ ಕೂತಲ್ಲೇ ನಿದ್ದೆ ಹತ್ತಿತ್ತು. ಕೆಲಸ ಮುಗಿಯಿತೆಂದು ಕಂಪ್ಯೂಟರ್ ಪೀಂ ಎಂದಾಗ ಎಚ್ಚರವಾಯಿತು.

ಕಲಿಯಲೆಂದು ಕಂಪ್ಯೂಟರನ್ನೇ ನಡೆಸುವ ಮೂಲ ಪ್ರೋಗ್ರಾಂ, ಲಿನಕ್ಸ್ ಕರ್ನಲ್ಲನ್ನು ನಾನೇ ಸಿದ್ಧಪಡಿಸಿ ಹಾಕಿದೆ. ಬೆಳಿಗ್ಗೆ ಅದು ನೂರಾರು ಪ್ರಶ್ನೆ ಕೇಳಿತು, ಇದು ಬೇಕೋ, ಅದು ಬೇಕೋ ಎಂದು. ತೊಡೆಯ ಮೇಲೆ ಮಗು ಅಳುತ್ತಿತ್ತು. ತಿಳಿಯದ್ದಕ್ಕೆಲ್ಲ ಬೇಡ ಎಂದು ಒತ್ತಿದೆ. ಈಗ ಚಾಲೂ ಮಾಡಿದರೆ ತನ್ನ ಡಿಸ್ಕನ್ನೇ ಗುರುತಿಸದೆ ನಿಂತುಬಿಟ್ಟಿದೆ. ಹಳೆಯ ಕರ್ನಲ್ಲನ್ನೂ ಉಳಿಸಿಕೊಂಡಿಲ್ಲ.

"ಒಂದು ಕೂಸು ಸಾಲ್ದಂತ ಇನ್ನೊಂದ ಕಟಗೊಂಡಿ. ಎರಡೂ ನಿದ್ದಿ ಮಾಡಂಗಿಲ್ಲ, ಮಾಡಗೊಡಂಗಿಲ್ಲ," ಎಂದರು ಅತ್ತೆ.

ಕಂಪ್ಯೂಟರ್ ಲಿಂಗಸುಗೂರಿನ ಕಾಲೇಜಿನದು. ನಾಳೆ ಬೆಳಿಗ್ಗೆಯೇ ಒಯ್ಯಲು ಬರುತ್ತಾರೆ. ಅಷ್ಟರಲ್ಲಿ ಅದು ಸರಿಯಾಗಿ ಚಾಲೂ ಆದರೆ ಅಲ್ಲಿ ಪಾಠ ಹೇಳುವ ಕೆಲಸ ನನ್ನದು.

ರಾಯಚೂರಿನಲ್ಲಿ ಒಂದೇ ಬೆಂಚಿನಲ್ಲಿ ಕೂತು ಓದುವಾಗ ನೀನು ಬೈಯುತ್ತಿದ್ದೆ, "ತಿಳೀಲಿಲ್ಲಂದ್ರ ಕೇಳ್ಬೇಕಲೇ. ಬ್ಯಾಡ ಅಂದು ಮುಂದ ಹೋಗೂದಲ್ಲ."

ಓದು ಮುಗಿದ ಮೇಲೆ ಮಸ್ಕಿ ಬಸ್ ಸ್ಟ್ಯಾಂಡಿನಲ್ಲಿ ನೀನು, "ಇಬ್ರೂ ಕೂಡಿ ಕಂಪ್ಯೂಟರ್ ಕ್ಲಾಸ್ ತೆಗಿಯೂಣ, ಬರ್ತೀಯೇನು?" ಎಂದೆ. ನಾನು ಏನೂ ಕೇಳದೆ ಬೇಡ ಎಂದೆ. ಬಸ್ ಬಂತು, ಹತ್ತಿದೆ.

ನೀನೀಗ ಎಲ್ಲಿದ್ದೀಯೋ, ಗುರುಗುಂಟಾದ ನಿಮ್ಮ ಮನೆಯವರೂ ಹೇಳುವುದಿಲ್ಲ. ಈ ಕಾಗದವನ್ನು ಯಾವ ವಿಳಾಸಕ್ಕೆ ಹಾಕಲಿ? ಯಾವ ಪ್ರಶ್ನೆಗೆ ಬೇಡ ಅನ್ನಬಾರದಿತ್ತೋ ನನಗೆ ತಿಳಿಯುತ್ತಿಲ್ಲ, ಗ್ಯಾನಿ. ಇದೇ ಊರಿನ ನನ್ನ ತವರಿನ ಫೋನು ಈಗ ಈ ಮನೆಗೇ ಬಂದಿದೆ, ನಂಬರ್ ಹಳೆಯದೇ. ಕಾಗದ ಮುಟ್ಟದಿದ್ದರೂ ಫೋನ್ ಮಾಡು. ಬೆಳಗಾಗುವುದರೊಳಗೆ ಮಾಡು. ಈ ಸಲ ಕೇಳುತ್ತೇನೆ.