ನಾನು ಎದ್ದುಹೋದ ಪುಟಗಳು

ಪ್ರೀತಿಯ ಚಿಕ್ಕಮ್ಮ,

ನೀವು ಕಳಿಸಿದ ಭಿನ್ನರಾಶಿಯ ಪಾಠ ಓದಿದೆ. ಸೋಮವಾರ ಅದನ್ನು ಎಲ್ಲ ಶಾಲೆಗಳಿಗೂ ಉಚಿತವಾಗಿ ಕೊಡುತ್ತೀರಂತೆ, ಯಾರು ಬೇಕಾದರೂ ತಿದ್ದಿಕೊಳ್ಳಬಹುದಂತೆ. ನಿಮ್ಮ ಜೊತೆಯ ಮೇಷ್ಟ್ರುಗಳೆಲ್ಲ "ಬಹಳ ಚೆನ್ನಾಗಿದೆ" ಎಂದು ಬರೆದು, ತಲಾ ಒಂದು ಪುಟ ಸೇರಿಸಿದ್ದಾರೆ. ನಾನು ಹಾಗೆ ಹೊಗಳಲಾರೆ. ಭಿನ್ನರಾಶಿ ಬಂದಾಗಲೇ ಶಾಲೆ ಬಿಟ್ಟವಳು ನಾನು. ಅದಕ್ಕೇ ತಾನೆ ನನಗೆ ಕಳಿಸಿದ್ದು?

ಕುರ್ಚಿ ಬಿಟ್ಟು ಎದ್ದ ಕಡೆಯೆಲ್ಲ ಪೆನ್ಸಿಲಿನಲ್ಲಿ ಗುರುತು ಹಾಕಿದ್ದೇನೆ. ಮುನ್ನುಡಿಯಲ್ಲಿ ನೀರು ಕುಡಿಯಲು ಎದ್ದೆ. ಪಾಠದ ಉದ್ದೇಶಗಳು ಬಂದಾಗ ಕಿಟಕಿಗೆ ಹೋದೆ. ವ್ಯಾಖ್ಯೆಯ ಪುಟದಲ್ಲಂತೂ ಚಪ್ಪಲಿ ಮೆಟ್ಟಿಕೊಂಡು ಬೀದಿಗೇ ಹೋದೆ.

ಕೊನೆಯಲ್ಲಿ ಕಾಗದದ ಪಟ್ಟಿ ಮಡಚುವ ಆಟವಿದೆಯಲ್ಲ, ಅಲ್ಲಿ ಒಂದೂ ಗುರುತಿಲ್ಲ. ಮೂರನೇ ಒಂದು ಭಾಗ ಆರನೇ ಎರಡು ಭಾಗದ ಮೇಲೆ ಸರಿಯಾಗಿ ಕೂತಾಗ ಒಬ್ಬಳೇ ನಕ್ಕೆ. ಅಷ್ಟರಲ್ಲಿ ಒಲೆಯ ಮೇಲಿದ್ದ ಹಾಲು ಸೀದು ಪಾತ್ರೆಯ ತಳ ಹಿಡಿದಿತ್ತು. "ಕೂತಲ್ಲಿ ಕೂರದ ಬುಗುರಿಗೆ ಹಾಲಿಟ್ಟಾಗಲೇ ಕೂರೋಕೆ ಬಂತೇನೇ?" ಎಂದು ಅಮ್ಮ ಬೈದಳು. ಆಮೇಲೆ ಅವಳೂ ಒಂದು ಪಟ್ಟಿ ಮಡಚಿದಳು.

ಆ ಆಟವನ್ನು ಮೊದಲ ಪುಟಕ್ಕೆ ತನ್ನಿ. ನನ್ನಂಥವರು ಮುನ್ನುಡಿಯಲ್ಲೇ ಎದ್ದುಹೋಗುತ್ತಾರೆ, ಕೊನೆಯ ಪುಟ ಅವರಿಗೆ ಸಿಗುವುದೇ ಇಲ್ಲ. ಮುನ್ನುಡಿ ನಿಮಗೆ ಇಷ್ಟ ಎಂದು ಗೊತ್ತು, ಆದರೂ ತೆಗೆದುಹಾಕಿ.

ಪಾತ್ರೆಯ ವಿಷಯದಲ್ಲಿ ನಿಮ್ಮ ಅಕ್ಕನನ್ನು ನೀವೇ ಸಮಾಧಾನ ಮಾಡಬೇಕು. ದಶಮಾಂಶದ ಪಾಠವನ್ನೂ ಬೇಗ ಕಳಿಸಿ. ಪಾತ್ರೆ ಹೇಗೂ ಕಪ್ಪಾಗಿದೆ.

ನಿಮ್ಮ
ಬುಗುರಿ