ಹತ್ತು ಲೀಟರೋ, ಹನ್ನೆರಡೋ

ಭಾನುವಾರ, ಸಂಜೆ

ಪ್ರೀತಿಯ ಲಂಬೂ,

ಹೇಗಿದ್ದೀಯ ಎಂದು ಮೊದಲು ಕೇಳಬೇಕು, ಕೇಳಿದ್ದೇನೆ ಅಂದುಕೋ. ನಾನು ಚೆನ್ನಾಗಿದ್ದೇನೆ. ನಾವು ಬೇರೆಯಾಗಿ ಎರಡು ವರ್ಷವಾದ ಮೇಲೆ ಇವಳಿಗೆ ಇದ್ದಕ್ಕಿದ್ದ ಹಾಗೆ ಕಾಗದ ಬರೆಯುವ ಹುಕಿ ಯಾಕೆ ಬಂತು ಎಂದು ಹುಬ್ಬು ಗಂಟು ಹಾಕಬೇಡ. ಒಂದು ಸಣ್ಣ ವಿಷಯ ಕೇಳುವುದಿದೆ. ಫೋನಿನಲ್ಲೇ ಕೇಳಬಹುದಿತ್ತು. ಆದರೆ ಫೋನಿನಲ್ಲಿ ನಾವಿಬ್ಬರೂ ಮೂರನೇ ಮಾತಿಗೇ ಹಾದಿ ತಪ್ಪುತ್ತೇವೆ.

ವಿಷಯ ಇಷ್ಟೇ. ನೀರಿಗಿಳಿಯಲು ಹೊಸ ಗಾಳಿ ಸಿಲಿಂಡರ್ ತೆಗೆದುಕೊಳ್ಳಬೇಕು. ಉಕ್ಕಿನವು, ಒಂದು ಜೊತೆ. ಇನ್ನು ಮುಂದೆ ಬೆನ್ನಿಗೆ ಹೊರುವುದಿಲ್ಲ. ಎಡ ಪಕ್ಕೆಗೊಂದು ಬಲ ಪಕ್ಕೆಗೊಂದು ಸಿಕ್ಕಿಸಿಕೊಂಡು ಮುಳುಗುತ್ತೇನೆ. ಸೈಡ್‌ಮೌಂಟ್ ಎಂದರೆ ನೀನು ಮೂಗು ಮುರಿಯುತ್ತಿದ್ದೆಯಲ್ಲ, ಅದೇ. ಹತ್ತು ಲೀಟರಿನವು ತೆಗೆದುಕೊಳ್ಳಲೋ, ಹನ್ನೆರಡರವೋ? ಸಿಲಿಂಡರಿನ ವಿಷಯದಲ್ಲಿ ನಿನ್ನಷ್ಟು ತಲೆ ಕೆಡಿಸಿಕೊಳ್ಳುವ ಇನ್ನೊಬ್ಬರು ನನಗೆ ಗೊತ್ತಿಲ್ಲ.

ಬೆನ್ನಿಗೇನಾಯಿತು ಎಂದು ಕೇಳುತ್ತೀಯ. ‘ಏನೂ ಆಗಿಲ್ಲ’ ಎಂದು ಬರೆದು ಹೊಡೆದುಹಾಕಿದ್ದೇನೆ, ನೋಡು. ಆಗಿದೆ.

ಕನ್ನಡಕದ ಅಂಗಡಿಯ ಹಿಂದಿನ ಕೋಣೆ ನಿನಗೆ ಗೊತ್ತೇ ಇದೆ. ದಿನವಿಡೀ ಸಾಣೆ ಚಕ್ರದ ಮುಂದೆ ಬಗ್ಗಿ ಗಾಜಿನ ಅಂಚು ತಿಕ್ಕುವುದು, ನೀರು ತೊಟ್ಟಿಕ್ಕುತ್ತಲೇ ಇರುತ್ತದೆ, ಬೆರಳಿಗೆಲ್ಲ ಬಿಳಿ ಕೆಸರು. ಚಳಿಗಾಲದಲ್ಲಿ ಒಂದು ದಿನ ಟ್ರೇ ಹಿಡಿದು ಏಳಲು ಹೋದೆ, ಏಳಲಾಗಲಿಲ್ಲ. ಅಂಗಡಿಯ ಒಡತಿಯೂ ಒಬ್ಬ ಗಿರಾಕಿಯೂ ಸೇರಿ ನನ್ನನ್ನು ಹಿಡಿದುಕೊಂಡು ಬಂದು ಕಣ್ಣು ಪರೀಕ್ಷೆಯ ಕೋಣೆಯಲ್ಲಿ ನೆಲದ ಮೇಲೆ ಮಲಗಿಸಿದರು. ಆಂಬುಲೆನ್ಸ್ ಬರುವವರೆಗೂ ಗೋಡೆಯ ಅಕ್ಷರಗಳನ್ನು ತಲೆಕೆಳಗಾಗಿ ಓದುತ್ತಾ ಬಿದ್ದಿದ್ದೆ. ಕೊನೆಯ ಸಾಲಿನವರೆಗೂ ಓದಿದೆ. ಕಣ್ಣು ಮಾತ್ರ ಗಟ್ಟಿಮುಟ್ಟಾಗಿದೆ.

ಬೆನ್ನುಮೂಳೆಯ ನಡುವಿನ ಒಂದು ಬಿಲ್ಲೆ ಜರುಗಿದೆಯಂತೆ. ನೀರಿಗಿಳಿಯಬಹುದು, ಬೆನ್ನ ಮೇಲೆ ಭಾರ ಮಾತ್ರ ಹೊರಬಾರದು ಎಂದರು ಡಾಕ್ಟರಮ್ಮ. ಸೈಡ್‌ಮೌಂಟ್ ಆದರೆ ಸಿಲಿಂಡರುಗಳನ್ನು ಒಂದೊಂದಾಗಿ ಕೈಗಾಡಿಯಲ್ಲಿ ನೀರಿನ ಅಂಚಿಗೆ ತಳ್ಳಿಕೊಂಡು ಹೋಗಿ, ಎದೆಮಟ್ಟ ನೀರಿನಲ್ಲಿ ನಿಂತು ಸಿಕ್ಕಿಸಿಕೊಳ್ಳಬಹುದು. ಅಲ್ಲಿಂದಾಚೆಗೆ ಆ ಭಾರ ನೀರಿನದು, ನನ್ನದಲ್ಲ. ನಿನಗೆ ತಿಳಿಸಲಿಲ್ಲ ಎಂದು ಕೋಪ ಮಾಡಿಕೊಳ್ಳಬೇಡ. ಆಸ್ಪತ್ರೆಯಲ್ಲಿ ಮನೆಯವರ ಫೋನ್ ನಂಬರ್ ಕೇಳಿದರು. ಸ್ವಲ್ಪ ಯೋಚಿಸಿ ಅಂಗಡಿಯದ್ದನ್ನೇ ಕೊಟ್ಟೆ.

ಮನೆಯಲ್ಲಿ ಎಲ್ಲ ಹಾಗೇ ಇದೆ. ಹಾಗೇ ಎಂದರೆ, ಅಡುಗೆಮನೆಯ ಮೇಜು ಈಗ ನನಗೊಬ್ಬಳಿಗೆ ದೊಡ್ಡದು, ಅದಕ್ಕೇ ಒಲೆಯ ಪಕ್ಕ ನಿಂತುಕೊಂಡೇ ಊಟ ಮುಗಿಸುತ್ತೇನೆ. ಕೆಲಸಕ್ಕೆ ಹೋಗುವಾಗ ರೇಡಿಯೋ ಹಾಕಿಟ್ಟೇ ಹೋಗುತ್ತೇನೆ, ಸಂಜೆ ಬಾಗಿಲು ತೆಗೆದಾಗ ಯಾರೋ ಮಾತಾಡುತ್ತಿರಲಿ ಅಂತ. ದೊಡ್ಡ ಕಷ್ಟವೆಂದರೆ ಆ ನೀರು ಬಿಡದ ಸೂಟಿನ ಜಿಪ್. ಅದನ್ನು ಹೊಲಿದವನಿಗೆ ಮನುಷ್ಯರ ಬೆನ್ನ ಹಿಂದೆ ಯಾವಾಗಲೂ ಇನ್ನೊಬ್ಬರು ಇದ್ದೇ ಇರುತ್ತಾರೆಂಬ ನಂಬಿಕೆ ಇದ್ದಿರಬೇಕು. ಜಿಪ್ಪಿನ ತುದಿಗೆ ದಾರ ಕಟ್ಟಿ, ದಾರವನ್ನು ಬಚ್ಚಲ ಬಾಗಿಲ ಹಿಡಿಗೆ ಸಿಕ್ಕಿಸಿ, ಏಡಿಯ ಹಾಗೆ ಅಡ್ಡಡ್ಡ ಸರಿಯುತ್ತೇನೆ. ಹಾಗಾಗಿ ಮನೆಯಲ್ಲೇ ಸೂಟು ಹಾಕಿಕೊಂಡು ಕಾರು ಓಡಿಸಬೇಕು. ಸಿಗ್ನಲ್ಲಿನಲ್ಲಿ ಪಕ್ಕದ ಕಾರಿನವರು ಒಮ್ಮೆ ನನ್ನ ಕಡೆ, ಒಮ್ಮೆ ಆಕಾಶದ ಕಡೆ ನೋಡುತ್ತಾರೆ.

ಸಿಲಿಂಡರ್ ಅಂಗಡಿಯವನು ಎಲ್ಲವನ್ನೂ ಬಿಡಿಸಿ ಹೇಳಿದ. ಹತ್ತು ಲೀಟರಿನದು ಗಿಡ್ಡ, ನನ್ನ ಕಂಕುಳಿನಿಂದ ಸೊಂಟದ ಕೆಳಗೆ ಅಳತೆ ತೆಗೆದ ಹಾಗೆ ಕೂರುತ್ತದೆ. ಹನ್ನೆರಡರದು ಉದ್ದ, ತೊಡೆಗೆ ಬಡಿಯುತ್ತದೆ, ಆದರೆ ಗಾಳಿ ಹೆಚ್ಚು ಹಿಡಿಯುತ್ತದೆ. ಆಮೇಲೆ ಕೇಳಿದ: “ಜೊತೆಗೆ ಯಾರು ಇಳೀತಾರೆ ಮೇಡಂ?”

ಪ್ರಶ್ನೆಯಲ್ಲಿ ತಪ್ಪೇನಿಲ್ಲ. ಇಬ್ಬರು ಮುಳುಗಿದರೆ ಒಬ್ಬರ ಗಾಳಿ ಇನ್ನೊಬ್ಬರಿಗೆ ಆಪತ್ತಿಗಾಗುತ್ತದೆ. ಒಬ್ಬರೇ ಮುಳುಗುವುದಾದರೆ ಆಪತ್ತಿನ ಗಾಳಿಯನ್ನೂ ತಾವೇ ಕಟ್ಟಿಕೊಂಡು ಹೋಗಬೇಕು. ಯಾರೂ ಇಲ್ಲ ಅಂದೆ. ಆ ಮಾತನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ನಿನ್ನ ಅಕ್ಕನಿಗೆ ಹೇಳಿಲ್ಲ, ನಮ್ಮ ಒಡತಿಗೆ ಹೇಳಿಲ್ಲ. ಹೇಳಿದ್ದು ಸಿಲಿಂಡರ್ ಮಾರುವವನಿಗೆ. ಅವನು ಪಾಪ ತಲೆ ಎತ್ತದೆ, ಹಾಗಾದರೆ ಹನ್ನೆರಡನ್ನೇ ತೆಗೆದುಕೊಳ್ಳಿ ಅಂದ.

ಕೊಳ್ಳುವ ಮೊದಲು ಕಟ್ಟಿಕೊಂಡು ನೋಡು ಎಂದು ಹನ್ನೆರಡರ ಒಂದು ಜೊತೆ ಕೊಟ್ಟವನು, ನಾವು ಮುಳುಗುತ್ತಿದ್ದ ಆ ನೀರು ತುಂಬಿದ ಹಳೆಯ ಕಲ್ಲು ಕ್ವಾರಿಯ ಗೇಟಿನ ಹತ್ತಿರ ಕಂಪ್ರೆಸರ್ ಇಟ್ಟುಕೊಂಡು ಗಾಳಿ ತುಂಬುವ ನಮ್ಮ ಗಾಳಿಯಪ್ಪ. ಮೀಸೆ ಪೂರ್ತಿ ಬೆಳ್ಳಗಾಗಿದೆ. ನಿನ್ನನ್ನು ಕೇಳಿದ. ಊರಲ್ಲಿಲ್ಲ ಅಂದೆ. ಅದು ಸುಳ್ಳೂ ಅಲ್ಲವಲ್ಲ.

ಹೋದ ತಿಂಗಳು ಒಂದು ಬೆಳಿಗ್ಗೆ ಇಳಿದೆ. ಕ್ವಾರಿಯ ನೀರು ಗಾಜಿನ ಹಾಗಿತ್ತು. ತಳದಲ್ಲಿ ಮುಳುಗಿರುವ ಹಳೆಯ ಕ್ರೇನಿನವರೆಗೆ ಹೋದೆ. ಅದರ ಡ್ರೈವರ್ ಕೋಣೆಯಲ್ಲಿ ವಾಸವಾಗಿರುವ ದಪ್ಪತಲೆಯ ಮೀನು, ನಮ್ಮ ಹೆಡ್‌ಮಾಸ್ಟರು, ಇನ್ನೂ ಅಲ್ಲೇ ಇದ್ದಾರೆ. ನನ್ನನ್ನು ಮೇಲಿಂದ ಕೆಳಗೆ ನೋಡಿ ಒಳಗೆ ಹೋದರು. ಉದ್ದದ ಸಿಲಿಂಡರುಗಳ ಹಿಂದಿನ ತುದಿ ಜೋತುಬಿದ್ದು ಮಂಡಿಗೆ ತಗಲುತ್ತಿತ್ತು. ಅದನ್ನು ಎತ್ತಿ ಸರಿಮಾಡಿಕೊಳ್ಳುತ್ತಿದ್ದಾಗಲೇ ಬಾಯಲ್ಲಿದ್ದ, ಬಲಗಡೆಯ ಸಿಲಿಂಡರಿನಿಂದ ಉಸಿರು ಕೊಡುವ ರೆಗ್ಯುಲೇಟರು ಚಳಿಗೆ ಕಚ್ಚಿಕೊಂಡು ಭುಸ್ಸೆಂದು ಗಾಳಿ ಉಗುಳತೊಡಗಿತು. ಕಣ್ಣ ಮುಂದೆ ಬರೀ ಗುಳ್ಳೆ. ಅದನ್ನು ಕಿತ್ತು ಎಡಗಡೆಯದನ್ನು ಬಾಯಿಗಿಟ್ಟುಕೊಂಡೆ. ಬಲಗಡೆಯ ವಾಲ್ವ್ ತಿರುಗಿಸಿ ಮುಚ್ಚಬೇಕು. ಆದರೆ ಸಿಲಿಂಡರು ಹಿಂದಕ್ಕೆ ಜಾರಿ ವಾಲ್ವು ಕಂಕುಳಿನ ಹಿಂದೆ ಹೋಗಿ ಕೂತಿತ್ತು. ನನ್ನ ಕೈ ಎಷ್ಟುದ್ದ ಎಂದು ನಿನಗೆ ಗೊತ್ತಲ್ಲ.

ಆಗ ನಾನು ಏನು ಮಾಡಿದೆ ಗೊತ್ತೇ? ಪಕ್ಕಕ್ಕೆ ಕೈ ಚಾಚಿ, ಬೆರಳು ಆಡಿಸಿ, ನಿನ್ನನ್ನು ಕರೆದೆ. ಕರೆದು ಕಾದೆ ಕೂಡ. ಗುಳ್ಳೆಗಳ ಆಚೆ ನೀನು ಎಂದಿನ ಹಾಗೆ ನಿಧಾನವಾಗಿ ತಿರುಗುತ್ತಿದ್ದೀಯ, ಈಗ ಬರುತ್ತೀಯ ಎಂದೇ ಅಂದುಕೊಂಡಿದ್ದೆ. ಆಮೇಲೆ ಕೈ ಮಡಚಿಕೊಂಡೆ.

ಎಡಗಡೆಯ ಸಿಲಿಂಡರಿನಲ್ಲಿದ್ದಷ್ಟು ಗಾಳಿಯಲ್ಲೇ ಮೇಲೆ ಬಂದೆ. ಅವಸರ ಮಾಡಲಿಲ್ಲ, ಕಲ್ಲು ಕಡಿದ ಮೆಟ್ಟಿಲುಗಳ ಹತ್ತಿರ ನಿಂತು ನಿಂತು ಬಂದೆ. ನೀರು ಕುದಿಯುವ ಹಾಗೆ ಗುಳ್ಳೆ ಏಳುವುದನ್ನು ಗಾಳಿಯಪ್ಪ ದಡದಿಂದ ನೋಡಿದ್ದಾನೆ. ನಾನು ತಲೆ ಎತ್ತಿದಾಗ ಆ ಮುದುಕ ಬೂಟು ಕೋಟು ಸಮೇತ ಸೊಂಟದ ಮಟ್ಟ ನೀರಿನಲ್ಲಿ ನಿಂತಿದ್ದ. ಈಜು ಬಾರದವನು. ಬೈಯುತ್ತಾನೆ ಅಂದುಕೊಂಡೆ, ಬೈಯಲಿಲ್ಲ. ಸಿಲಿಂಡರುಗಳನ್ನು ಬಿಚ್ಚಿ ಗಾಡಿಗೆ ಹಾಕಿದ ಮೇಲೆ, ನನ್ನ ಕಡೆ ಬೆನ್ನು ಮಾಡಿ ನಿಂತೇ ಹೇಳಿದ: “ಇನ್ಮೇಲೆ ದಡದಲ್ಲಿ ನಿನಗೋಸ್ಕರ ಅಂತ ಒಬ್ರು ಕೂತಿರ್ಬೇಕು ತಾಯಿ. ಇಲ್ದಿದ್ರೆ ನಾನು ಗಾಳಿ ತುಂಬಲ್ಲ.”

ನೀನೇ ಕೂರು ಅಂದೆ. ಕಂಪ್ರೆಸರ್ ಬಿಟ್ಟು ಬರಲಾಗುವುದಿಲ್ಲ, ಬಂದರೂ ಇನ್ನೊಂದು ಸಲ ಅಂಥದ್ದನ್ನು ನೋಡುವ ಶಕ್ತಿ ಇಲ್ಲ ಅಂದ. ನಮ್ಮ ಒಡತಿಯನ್ನು ಕೇಳಿದೆ; ಬಕೆಟ್ಟಿಗಿಂತ ಆಳದ ನೀರು ಕಂಡರೆ ಆಕೆಗೆ ತಲೆ ತಿರುಗುತ್ತದಂತೆ. ಮೇಲಿನ ಮಹಡಿಯಲ್ಲಿರುವ ಬಸ್ ಡ್ರೈವರ್ ಹೆಂಗಸನ್ನು ಕೇಳಿದೆ, ಭಾನುವಾರವೂ ಡ್ಯೂಟಿ. ಇನ್ನು ಯಾರನ್ನು ಕೇಳಬೇಕೆಂದು ಕೂತು ಯೋಚಿಸಿದರೆ ಒಂದು ಹೆಸರೂ ಹೊಳೆಯಲಿಲ್ಲ. ಇಷ್ಟು ವರ್ಷ ಈ ಊರಿನಲ್ಲಿದ್ದು ಸಂಪಾದಿಸಿದ್ದು ಇಷ್ಟೇ ಜನ. ಹೋದ ಭಾನುವಾರ ಸುಮ್ಮನೆ ಹೋಗಿ ದಡದಲ್ಲಿ ನಾನೇ ಕೂತಿದ್ದು ಬಂದೆ. ಕೆಳಗೆ ಯಾರೂ ಇರಲಿಲ್ಲ, ಆದರೂ ಕಣ್ಣು ಆ ನೀರನ್ನು ಬಿಟ್ಟು ಆಚೀಚೆ ಹೋಗಲಿಲ್ಲ.

ಮನೆ ಬಿಡುವಾಗ ನೀನು ಅಂದ ಮಾತಿನ ಮೇಲೆ ನನಗೆ ಬಹಳ ದಿನ ಸಿಟ್ಟಿತ್ತು. “ನಾವಿಬ್ರೂ ನೀರೊಳಗಷ್ಟೇ ಚೆನ್ನಾಗಿದ್ವಿ ಕಣೇ. ಮೇಲೆ ಬಂದು ಬಾಯಿ ತೆಗೆದ್ರೆ ಮುಗೀತು.” ಸುಳ್ಳು ಎಂದು ಆಗ ಕೂಗಾಡಿದೆ. ಈಗ ಅನ್ನಿಸುತ್ತದೆ, ಅರ್ಧ ನಿಜ. ಕೆಳಗೆ ನೀನು ಒಂದು ಬೆರಳೆತ್ತಿದರೆ ನನಗೆ ಪೂರ್ತಿ ಅರ್ಥವಾಗುತ್ತಿತ್ತು. ಮೇಲೆ, ಸಕ್ಕರೆ ಸಾಕಾ ಎಂದು ಕೇಳಿದರೂ ಅದರಲ್ಲೊಂದು ಕೊಂಕು ಕಾಣುತ್ತಿತ್ತು. ನಿನಗೂ ಹಾಗೇ ಕಂಡಿರಬೇಕು. ಈಗ ಸಕ್ಕರೆಯ ವಿಷಯ ಎತ್ತುವವರೇ ಇಲ್ಲ. ಕಾಫಿ ಒಂದು ದಿನ ಸಿಹಿಯಾಗಿರುತ್ತದೆ, ಒಂದು ದಿನ ಕಹಿ. ನಾನು ಗಮನಿಸುವುದು ಲೋಟ ತೊಳೆಯುವಾಗ.

ಇರಲಿ. ಹತ್ತು ಲೀಟರೇ ಸರಿ ಎಂದು ಮನಸ್ಸು ಹೇಳುತ್ತಿದೆ. ವಾಲ್ವು ಕೈಗೆ ಸಿಗುತ್ತದೆ. ಉಕ್ಕಿನದಾದ್ದರಿಂದ ಮುಳುಗಲೆಂದು ಸೊಂಟಕ್ಕೆ ಸೀಸದ ತೂಕ ಕಟ್ಟಿಕೊಳ್ಳುವುದೂ ತಪ್ಪುತ್ತದೆ. ಗಾಳಿ ಕಡಿಮೆ, ನಿಜ. ಅದಕ್ಕೆ ಕ್ರೇನಿನವರೆಗೆ ಇನ್ನು ಹೋಗುವುದಿಲ್ಲ, ಮೆಟ್ಟಿಲುಗಳ ಹತ್ತಿರವೇ ಸುತ್ತಾಡಿ ಬರುತ್ತೇನೆ. ಹೆಡ್‌ಮಾಸ್ಟರಿಗೆ ಬೇಸರವಾದರೆ ಅವರೇ ಮೇಲೆ ಬರಲಿ. ನೀನೇನನ್ನುತ್ತೀಯ? ಬರೆಯಲೇಬೇಕೆಂದಿಲ್ಲ. ಬರೆದರೆ ಓದುತ್ತೇನೆ.

ಬೆನ್ನು ಇಷ್ಟು ಹೊತ್ತು ಕೂತದ್ದೇ ಹೆಚ್ಚು. ನಿಲ್ಲಿಸುತ್ತೇನೆ.

ನಿನ್ನ
ಗಿಡ್ಡಿ

ವಿ.ಸೂ.: ಹತ್ತು ಲೀಟರಿನ ಒಂದು ಜೊತೆ ಮೊನ್ನೆಯೇ ಮನೆಗೆ ಬಂದಿದೆ. ನಿನ್ನನ್ನು ಕೇಳಲು ಒಂದು ನೆಪ ಬೇಕಿತ್ತು, ಅಷ್ಟೆ. ಕನ್ನಡಕ ಮಾಡಿಸಲು ನಿನ್ನ ಅಕ್ಕ ನಮ್ಮ ಅಂಗಡಿಗೆ ಬಂದಿದ್ದರು. ನಿನ್ನ ಕಿವಿಯ ಆಪರೇಷನ್ ಆದದ್ದು, ಆದರೂ ಎಡಗಿವಿ ಪೂರ್ತಿ ಹೋದದ್ದು, ನೀನು ಇನ್ನೆಂದೂ ನೀರಿಗಿಳಿಯುವ ಹಾಗಿಲ್ಲ ಎಂಬುದು, ಇದನ್ನು ನನಗೆ ಹೇಳಕೂಡದೆಂದು ನೀನು ಆಣೆ ಮಾಡಿಸಿಕೊಂಡದ್ದು, ಎಲ್ಲ ಹೇಳಿದರು. ಅವರನ್ನು ಬೈಯಬೇಡ. ದಡದಲ್ಲಿ ಕೂರುವವರಿಗೆ ಕಿವಿ ಬೇಕಿಲ್ಲ, ಗುಳ್ಳೆ ನೋಡಲು ಕಣ್ಣಿದ್ದರೆ ಸಾಕು. ಮುಂದಿನ ಭಾನುವಾರ ಬೆಳಿಗ್ಗೆ ಬಾ. ಮೇಲೆ ಬಂದ ಮೇಲೆ ನಾನು ನಿನ್ನ ಬಲಗಡೆ ಕೂರುತ್ತೇನೆ.