ಬಾಲ ಮಾತ್ರ ಕಾಣುತ್ತದೆ

ಮಾರ್ಚ್ ಒಂಬತ್ತು, ಭಾನುವಾರ

ಅತ್ತೆಯವರಿಗೆ ನಿಮ್ಮ ಸೊಸೆಯ ನಮಸ್ಕಾರ.

ಕ್ಷೇಮ ಎಂದು ಬರೆಯಲು ಕೈ ಬರುತ್ತಿಲ್ಲ. ಮಗು ಹುಷಾರಾಗಿದ್ದಾಳೆ, ಹೊತ್ತಿಗೆ ಸರಿಯಾಗಿ ಉಣ್ಣುತ್ತಾಳೆ. ಫೋನಿನಲ್ಲಿ ನಾವಿಬ್ಬರೂ ಮಾತು ಮುಗಿಯುವ ಮೊದಲೇ ಜಗಳಕ್ಕೆ ಬೀಳುತ್ತೇವೆ, ಆಮೇಲೆ ಅಳುತ್ತೇವೆ. ಅದಕ್ಕೇ ಈ ಕಾಗದ. ಇವರ ಆಫೀಸಿನ ಜೀಪಿನ ಡ್ರೈವರ್ ನಿಮ್ಮ ಊರಿನ ಮೇಲೆಯೇ ಹೋಗುತ್ತಾನಂತೆ, ನಾಳೆ ಬೆಳಿಗ್ಗೆ ನಿಮ್ಮ ಕೈಗೆ ಕೊಡುತ್ತಾನೆ.

ನಿನ್ನೆ ಇವರ ಕಮಾಂಡರ್ ಮನೆಗೆ ಬಂದಿದ್ದರು. ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತರು, ಕೊಟ್ಟ ಚಹಾ ಮುಟ್ಟಲಿಲ್ಲ. ದಾರಿ ತಪ್ಪಿದ ಇಬ್ಬರು ಚಾರಣಿಗರನ್ನು ಹುಡುಕಲು ಹೋದ ನಮ್ಮವರ ವಿಮಾನ, ಮೋಡ ಕವಿದಾಗ ಕಣಿವೆಯಿಂದ ಮೇಲೇಳಲಾಗದೆ ಬಂಡೆಗೆ ಬಡಿದಿದೆ. ಐವರಲ್ಲಿ ಯಾರೂ ಉಳಿದಿಲ್ಲ. ಇನ್ನೊಂದು ವಿಮಾನದಿಂದ ತೆಗೆದ ಫೋಟೊ ತೋರಿಸಿದರು. ಹಿಮದಿಂದ ಹೊರಗೆ ಕಿತ್ತಳೆ ಬಣ್ಣದ ಬಾಲ ಮಾತ್ರ ಕಾಣುತ್ತದೆ. ಹೆಲಿಕಾಪ್ಟರ್ ಇಳಿಯುವ ಜಾಗವಲ್ಲ, ಶವ ತರಬೇಕೆಂದರೆ ನಡೆದೇ ಹೋಗಬೇಕು. ದಾರಿಯ ನೆತ್ತಿಯ ಮೇಲೆ ಯಾವಾಗ ಬೇಕಾದರೂ ಕುಸಿಯುವ ಹಿಮ ನಿಂತಿದೆ. “ಮನೆಯವರು ಕೇಳಿದ್ರೆ ಕಳಿಸ್ತೀವಿ, ಬೇಡ ಅಂತ ನಾವು ಹೇಳೋ ಹಾಗಿಲ್ಲ” ಎಂದರು. ಉಳಿದ ನಾಲ್ಕೂ ಮನೆಯವರು ಬೇಡ ಎಂದಿದ್ದಾರೆ. ನಮ್ಮ ಮನೆಯಿಂದ ನಿಮ್ಮ ಮಾತೊಂದೇ ಬಾಕಿ.

“ಮುಖ ನೋಡದೆ ನಾನು ನಂಬಲ್ಲ. ನೀನು ಕಟ್ಕೊಂಡೋಳು, ನಾನು ಹೆತ್ತೋಳು” ಎಂದಿರಿ. ಹೌದು, ನೀವು ಹೆತ್ತವರು. ಆದರೆ ನನಗೂ ನೋಡಬೇಕು ಅತ್ತೆ. ಸ್ನಾನದ ಕೋಣೆಯಲ್ಲಿ ಅವರ ಷೇವಿಂಗ್ ಬ್ರಷ್ ನೋಡಿದರೆ ಸಿಟ್ಟು ಬರುತ್ತದೆ, ಎತ್ತಿಡಲೂ ಆಗುತ್ತಿಲ್ಲ. ಕಲ್ಲು ಮನಸ್ಸಿನವಳು ಎಂದು ನೀವು ಅಂದಿದ್ದು ತಪ್ಪು. ಸಿಟ್ಟಿನಲ್ಲಿ ಅಂದಿರಿ, ಹೋಗಲಿ ಬಿಡಿ.

ನಿಮ್ಮ ಮಗನಿಗೆ ವಿಮಾನದ ಪಕ್ಕದ ಕಿಟಕಿಯಲ್ಲಿ ಕೂತು ಕೆಳಗೆ ನೋಡುವುದೇ ಕೆಲಸ. ಅಷ್ಟೆತ್ತರದಿಂದ ಹಿಮದ ಮೇಲಿನ ಕೆಂಪು ಕೈಗವಸು ಕಾಣುವ ಮನುಷ್ಯನಿಗೆ ಹೆಗಲ ಮೇಲಿದ್ದ ಟವೆಲ್ ಕಾಣುತ್ತಿರಲಿಲ್ಲ, ಮನೆಯೆಲ್ಲ ಹುಡುಕಿಸುತ್ತಿದ್ದರು. ಹೋದ ವರ್ಷ ಒಂದು ಶವ ತರಲು ಹೋಗಿ ಇವರ ಗೆಳೆಯನೊಬ್ಬ ಎರಡೂ ಪಾದ ಕಳೆದುಕೊಂಡ. ಅವತ್ತು ಊಟ ಅರ್ಧಕ್ಕೇ ಬಿಟ್ಟು, “ಉಸಿರಿರೋರಿಗಾಗಿ ಎಲ್ಲಿಗೆ ಬೇಕಾದ್ರೂ ಹೋಗ್ತೀನಿ. ನನ್ನ ಹೆಣಕ್ಕೋಸ್ಕರ ಮಾತ್ರ ಯಾರನ್ನೂ ಕಳಿಸ್ಬೇಡ” ಎಂದು ನನಗೆ ಹೇಳಿದರು. ಆ ಮಾತಿಗೆ ಆಗ ಬೈದಿದ್ದೆ. ಈಗ ನಿಮ್ಮ ಕಿವಿಗೆ ಹಾಕುವುದು ನನ್ನ ಪಾಲಿಗೆ ಬಂದಿದೆ.

ಇಲ್ಲಿಗೆ ಬಂದುಬಿಡಿ. ನಿಮ್ಮ ಹಾಸಿಗೆಯನ್ನು ಮಗುವಿನ ಕೋಣೆಯಲ್ಲಿ ಹಾಕಿಸಿದ್ದೇನೆ. ಎದುರೆದುರು ಕೂತು ಎಷ್ಟು ಬೇಕಾದರೂ ಜಗಳವಾಡೋಣ. ಆದರೆ ಅದಕ್ಕೂ ಮೊದಲು ‘ಬೇಡ’ ಎಂದು ಕಮಾಂಡರ್‌ಗೆ ಒಂದು ಮಾತು ಹೇಳಿ.

ಇಂತಿ,
ನಿಮ್ಮ ಸೊಸೆ

ವಿ.ಸೂ.: ಯಾರು ಹೋಗುತ್ತಾರೆ ಎಂದು ನೀವು ಕೇಳಲಿಲ್ಲ. ಮೊದಲು ಕೈ ಎತ್ತಿದವನು ಬೆಟ್ಟದ ಪಡೆಯಲ್ಲಿರುವ ನಿಮ್ಮ ಚಿಕ್ಕ ಮಗ. “ಗೊತ್ತಾದ್ರೆ ಅಮ್ಮ ನನಗೋಸ್ಕರ ಬೇಡ ಅಂತಾಳೆ, ಆಮೇಲೆ ಸಾಯೋವರೆಗೂ ಅಣ್ಣನ ಮುಖ ನೋಡ್ಲಿಲ್ಲ ಅಂತ ಕೊರಗ್ತಾಳೆ. ಹೇಳ್ಬೇಡಿ ಅತ್ತಿಗೆ” ಎಂದು ನನ್ನಿಂದ ಮಾತು ತೆಗೆದುಕೊಂಡಿದ್ದಾನೆ. ಅವನ ಸುದ್ದಿ ಎತ್ತದೆಯೇ ನಿಮ್ಮನ್ನು ಒಪ್ಪಿಸಬೇಕೆಂದು ಕಾಗದವನ್ನೆಲ್ಲ ಬರೆದೆ. ಲಕೋಟೆ ಅಂಟಿಸುವ ಹೊತ್ತಿಗೆ ಮುಚ್ಚಿಡಲು ಧೈರ್ಯ ಸಾಲಲಿಲ್ಲ. ನೀವು ಬೇಡ ಅನ್ನದಿದ್ದರೆ ಬುಧವಾರ ಬೆಳಿಗ್ಗೆ ಹೊರಡುತ್ತಾರೆ. ಈಗ ನಮ್ಮ ಹಜಾರದ ತುಂಬ ಹಗ್ಗ ಹರವಿಕೊಂಡು ಕೂತಿದ್ದಾನೆ. ಅತ್ತೆ, ಫೋನ್ ಮಾಡುವುದಾದರೆ ನನಗೆ ಬೇಡ, ಅವನಿಗೇ ಮಾಡಿ.